ಗುಡಿಸಿದ ಇಳಿಜಾರು

ಮನೆ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ, ತಾರೀಖು ಒಂಬತ್ತು

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ, ಅಥವಾ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿದು ಇನ್ನೂ ಜಾಸ್ತಿ ಮಾಡಿಕೊಂಡಿದ್ದೀರಾ? ನಾದಿನಿ ಹೇಗಿದ್ದಾಳೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆಯೇ, ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ನೀವು ಕಳಿಸಿದ ಫೋಟೋವನ್ನು ದಿನವಿಡೀ ನೋಡುತ್ತಿರುತ್ತೇನೆ. ಕಂದ ಎಷ್ಟು ಮುದ್ದಾಗಿದ್ದಾಳೆ ಅತ್ತೆ, ಎತ್ತಿಕೊಂಡು ಕೆನ್ನೆ ಕಚ್ಚಿಬಿಡಬೇಕು ಅನ್ನಿಸುತ್ತದೆ. ಆದರೆ ಮುಷ್ಟಿ ಬಿಗಿದು ಹುಬ್ಬು ಗಂಟಿಕ್ಕಿರುವ ರೀತಿ ಮಾತ್ರ ಥೇಟ್ ಮಾವ. ಡಾಕ್ಟರ ಚೀಟಿ ಇಲ್ಲದೆ ಮಾತ್ರೆ ಕೇಳಿದವರನ್ನು ಔಷಧಿ ಅಂಗಡಿಯಿಂದ ವಾಪಸು ಕಳಿಸುವಾಗ ಅವರು ಹೀಗೇ ಇರುತ್ತಾರೆ. ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ. ಆರೋಗ್ಯ ಒಂದು ಬಿಟ್ಟು ಬೇರೆ ಯಾವುದೂ ಚೆನ್ನಾಗಿಲ್ಲ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಮಾವನ ಕಟ್ಟಪ್ಪಣೆ. "ಹೆರಿಗೆ ಆದ ಮನೆ, ಅವಳ ತಲೆ ಕೆಡಿಸಬೇಡಿ. ಬಂದ ಮೇಲೆ ನೋಡ್ಕೋತಾಳೆ" ಎಂದು ಎಲ್ಲರಿಗೂ ಹೇಳಿಟ್ಟಿದ್ದಾರೆ. ನೀವು ಫೋನ್ ಮಾಡಿದಾಗೆಲ್ಲ ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು, ಕನ್ನಡಕದ ಮೇಲಿನಿಂದ ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಾರೆ. ನಾನು "ಎಲ್ಲಾ ಚೆನ್ನಾಗಿದೆ ಅತ್ತೆ" ಅನ್ನುತ್ತೇನೆ. ನನ್ನ ಬಾಯಿಂದ ಆ ಸುಳ್ಳು ಹೇಳಿಸಿದ ಸಿಟ್ಟು ಬೇರೆಯೇ ಇದೆ. ಅಲ್ಲದೆ, ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ದಿರಿ, "ಕೋಪ ಬಂದಾಗ ಫೋನ್ ಎತ್ತಬೇಡ ಮಗಳೇ, ಕಾಗದ ತಗೋ. ಕಾಗದಕ್ಕೆ ಕಿವಿ ನೋಯಲ್ಲ" ಅಂತ. ತೆಗೆದುಕೊಂಡಿದ್ದೇನೆ. ಇಂಗ್ಲಿಷ್ ಮೀಡಿಯಮ್ಮಿನವಳ ಬರಹ, ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡಿ. ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೂ ಸಿಟ್ಟು ಬಂದಾಗ ನನಗೆ ಬರುವುದು ಈ ಭಾಷೆ ಒಂದೇ.

ವಿಷಯ ಇದು. ನಿಮ್ಮ ಇಳಿಜಾರನ್ನು ಗುಡಿಸಿಬಿಟ್ಟಿದ್ದಾರೆ.

ಒಂದು ಮೂಲೆಯನ್ನಲ್ಲ. ಪ್ರಾರ್ಥನಾ ಮನೆಯ ಹಿಂದೆ, ಮೇಲಿನ ಹಳೆಯ ಮಣ್ಣಿನ ಗುಂಡಿಯಿಂದ ಹಿಡಿದು ಕೆಳಗೆ ರಸ್ತೆಯ ಗೇಟಿನವರೆಗೆ, ಇಡೀ ಇಳಿಜಾರನ್ನು. ಎಲ್ಲ ಪ್ರಾರ್ಥನಾ ಮನೆಗಳಿಗೂ ಹಿರಿಯರಾದ ದೊಡ್ಡವರು ನಮ್ಮ ಜಾಗದ ಸುದ್ದಿ ಕೇಳಿ, ಕಣ್ಣಾರೆ ನೋಡಲು ಬರುತ್ತೇನೆ ಎಂದು ಹೇಳಿಕಳಿಸಿದ್ದೇ ತಡ, ಮಾವ ಗಂಡಸರ ಶುಚಿ ಸೇವಾ ತಂಡವನ್ನು ಕಟ್ಟಿದರು. ನಾನು ಆಗ ತವರಿಗೆ ಹೋಗಿದ್ದೆ. ವಾಪಸು ಬಂದು, ಚಪ್ಪಲಿ ಸಹ ಬಿಡದೆ, ನಿಮ್ಮ ಸಸಿಗಳಿಗೆ ಹಾಯ್ ಹೇಳೋಣವೆಂದು ಹಿಂದಕ್ಕೆ ಓಡಿದೆ. ಅಲ್ಲಿ ನೆಲ ಬೋಳಾಗಿತ್ತು, ಅತ್ತೆ. ಎಲೆಯ ಹಾಸಿಗೆಯಿಲ್ಲ. ಎಲೆ ಹಾರದಂತೆ ನೀವು ಮೇಲೆ ಹೇರಿದ್ದ ಕೊಂಬೆಗಳಿಲ್ಲ. ಒಡ್ಡಿನ ಮೇಲಿನ ಹುಲ್ಲನ್ನು ಬೇರುಸಹಿತ ಕಿತ್ತಿದ್ದರು. ತಾವಾಗಿಯೇ ಹುಟ್ಟಿದ್ದ ಸಣ್ಣ ಸಣ್ಣ ಗಿಡಗಳು, ನೀವು ಬಗ್ಗಿ ಕೈಯಲ್ಲಿ ಎಲೆ ಸರಿಸಿ "ನೋಡು, ಕರೆಯದೆ ಬಂದವರು" ಎಂದು ನನಗೆ ತೋರಿಸಿದ್ದ ಗಿಡಗಳು, ಕಳೆಯ ಜೊತೆ ಚೀಲ ಸೇರಿದ್ದವು. ಉಳಿದದ್ದು ನೆಟ್ಟ ಮರಗಳು ಮಾತ್ರ. ಪ್ರತಿಯೊಂದರ ಬುಡದ ಸುತ್ತ ಸುಣ್ಣದ ಪುಡಿಯಲ್ಲಿ ಒಂದೊಂದು ಬಿಳಿ ಉಂಗುರ. ನಡೆಯುವ ದಾರಿಯ ಎರಡೂ ಬದಿಗೆ ಬಿಳಿ ಗೆರೆ. ಮಾವನ ಅಂಗಡಿಯ ಕಪಾಟಿನ ಹಾಗೆ ಎಲ್ಲವೂ ಸಾಲು, ಎಲ್ಲವೂ ಚೊಕ್ಕ. ಹಾಡು ಹೇಳುತ್ತ ಗುಡಿಸಿದರಂತೆ. ಸೇವೆಯಲ್ಲವೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ಪೊರಕೆ ಸಾಕಾಯಿತು.

ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ ಎಂದು ಗೊತ್ತು. ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಯಾರಿಗೂ ಹೇಳಲು ಆಗುತ್ತಿಲ್ಲ. ಇಟ್ಟಿಗೆ ಸುಡುವವರು ಮೇಲ್ಮಣ್ಣನ್ನೆಲ್ಲ ಕೆರೆದುಕೊಂಡು ಹೋದ ಮೇಲೆ ಆ ಜಾಗ ತಟ್ಟೆಯಂತೆ ಗಟ್ಟಿಯಾಗಿತ್ತು, ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತು ಎಂದು ನೀವು ಹೇಳಿದ್ದಿರಿ. ಯಾರ್‍ಯಾರೋ ಬಂದು ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು ಹೋದರಂತೆ. ಒಂದೂ ಉಳಿಯಲಿಲ್ಲ. ಆಮೇಲೆ ನೀವು ಹೆಂಗಸರನ್ನು ಸೇರಿಸಿ, "ದೇವರ ಮನೆಗೆ ಬರಿಗೈಲಿ ಬರಬೇಡಿ, ನಿಮ್ಮ ನಿಮ್ಮ ಬೀದೀಲಿ ಬಿದ್ದಿರೋ ಎಲೆ ತನ್ನಿ" ಅಂದಿರಿ. ಪ್ರತಿ ಬುಧವಾರ ಒಬ್ಬೊಬ್ಬರೂ ಒಂದೊಂದು ಬುಟ್ಟಿ ಎಲೆ. ನಮ್ಮ ಪ್ರಾರ್ಥನೆ ಹೇಗೂ ಮೌನ. ಬಾಯಿ ಸುಮ್ಮನಿದ್ದರೆ ಸಾಕು, ಕೈ ಸುಮ್ಮನಿರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ ಎಂದು ವಾದ ಮಾಡಿ, ಹೆಂಗಸರ ಪ್ರಾರ್ಥನೆಯನ್ನೇ ಒಳಗಿನಿಂದ ಇಳಿಜಾರಿಗೆ ತಂದಿರಿ. ಕೂತಲ್ಲಿಯೇ ಎಲೆ ಹರಡುವುದು, ಕೂತಲ್ಲಿಯೇ ಕಲ್ಲು ಜೋಡಿಸುವುದು. ಮಳೆಯಿರಲಿ ಬಿಸಿಲಿರಲಿ ವಾರ ತಪ್ಪದೆ ಬರುವ ಜನ ಪ್ರಾರ್ಥನೆಗೆ ಬಿಟ್ಟರೆ ಇನ್ನಾವುದಕ್ಕೆ ಸಿಗುತ್ತಾರೆ, ಹಾಳಾದ ನೆಲಕ್ಕೆ ಬೇಕಾಗಿದ್ದೂ ಅಂಥವರೇ ಎಂದು ನೀವು ಹೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಮದುವೆಯಾಗಿ ಬಂದ ಮೊದಲ ಬುಧವಾರ ನೀವು ನನ್ನ ಕೈ ಹಿಡಿದು ಎಲೆಯ ಕೆಳಗೆ ತೂರಿಸಿದ್ದು ನೆನಪಿದೆಯೇ? ಒಳಗೆ ತಣ್ಣಗಿತ್ತು, ಒದ್ದೆಯಿತ್ತು, ಏನೋ ಮಿಸುಕಿತು. ಎರೆಹುಳು. ನಾನು ಕಿರುಚಿಬಿಟ್ಟೆ, ಎಲ್ಲರ ಪ್ರಾರ್ಥನೆ ಕೆಟ್ಟಿತು. ನೀವು ಬಯ್ಯಲಿಲ್ಲ. ಅವತ್ತಿನಿಂದಲೇ ನನಗೆ ವಟವಟ ಎಂದು ಹೆಸರಿಟ್ಟಿರಿ. ನಿಮ್ಮ ಮಗನ ಮೇಲೆ ನನಗೆ ಮದುವೆಗೆ ಮೊದಲೇ ಪ್ರೀತಿಯಾಗಿತ್ತು. ನಿಮ್ಮ ಮನೆಯ ಮೇಲೆ ಪ್ರೀತಿಯಾದದ್ದು ಆ ಎರೆಹುಳುವಿನಿಂದ.

ನಿಮ್ಮ ಮಗನ ವಿಷಯ ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವರೂ ಗುಡಿಸಿದ್ದಾರೆ. ಪಂಪ್ ರಿಪೇರಿ ಅಂಗಡಿಗೆ ರಜೆ ಹಾಕಿ, ನಾವು ಸ್ನಾನದ ಮನೆಗೆಂದು ತಂದಿದ್ದ ಹೊಸ ಪೊರಕೆಯನ್ನೇ ತೆಗೆದುಕೊಂಡು ಹೋಗಿ ಗುಡಿಸಿದ್ದಾರೆ. "ನಿಮಗೆ ಕೈ ಹೇಗೆ ಬಂತು" ಎಂದು ಕೇಳಿದರೆ, "ಅಪ್ಪ ಹೇಳಿದ್ರು, ಎಲ್ಲರೂ ಗುಡಿಸ್ತಿದ್ರು, ನಾನೊಬ್ಬನೇ ಕೈಕಟ್ಟಿ ನಿಂತ್ಕೊಳ್ಳೋಕೆ ಆಗುತ್ತಾ" ಎಂದರು. ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಡುವುದೆಂದರೆ ಎಂಥ ಶಿಕ್ಷೆ ಎಂದು ನಿಮಗೆ ಗೊತ್ತು, ನನಗೆ. ಅವರಿಗೆ ಒಂಥರಾ ವಿಶ್ರಾಂತಿ ಸಿಕ್ಕ ಹಾಗೆ ಕಾಣುತ್ತಿತ್ತು, ಅದಕ್ಕೆ ಇನ್ನೊಂದು ದಿನ ಜಾಸ್ತಿ ಕೋಪ ಮಾಡಿಕೊಂಡೆ.

ದೊಡ್ಡವರು ಬಂದರು. ಬಿಳಿ ಗೆರೆಗಳ ನಡುವೆ ನಡೆದರು. ಆಮೇಲೆ ಒಳಗೆ ಕೂತು ಭಾಷಣ ಮಾಡಿದರು. ಮನುಷ್ಯ ಭೂಮಿಯ ಒಡೆಯನಲ್ಲ, ಕಾವಲುಗಾರ ಎಂದರು. ಒಳ್ಳೆಯ ಮಾತು. ಈ ಸಮಾಜದ ಸೋದರರು ಬೆವರು ಸುರಿಸಿ ಬಂಜರನ್ನು ಹಸನು ಮಾಡಿದ್ದಾರೆ, ಇಂಥ ಶುಚಿಯಾದ ತೋಟವನ್ನು ನಾನು ಎಲ್ಲಿಯೂ ಕಂಡಿಲ್ಲ ಎಂದರು. ಸೋದರರು ಅತ್ತೆ, ಸೋದರರು. ಪೊರಕೆ ಹಿಡಿದವರೆಲ್ಲ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಾಚಿಕೊಂಡರು. ಗೋಡೆಗೆ ಹಾಕುವ ಕಲ್ಲಿನ ಫಲಕಕ್ಕೂ ಬರೆದುಕೊಂಡರು, ಶುಚಿ ಸೇವಾ ತಂಡ ಎಂದು. ನಿಮ್ಮ ಹೆಸರು ಒಂದು ಸಲವೂ ಬರಲಿಲ್ಲ. ನನ್ನ ಪಕ್ಕದಲ್ಲಿ ಕೊಡೆ ಅಜ್ಜಿ ಕೂತಿದ್ದರು. ಮೋಡವಿಲ್ಲದ ದಿನವೂ ಕೊಡೆಯಿಲ್ಲದೆ ಮನೆಯಿಂದ ಹೊರಡದ, ಮೊದಲ ಬುಟ್ಟಿ ಎಲೆಯನ್ನು ನಿಮ್ಮ ಜೊತೆ ಹೊತ್ತು ತಂದ ಅದೇ ಅಜ್ಜಿ. ಕೊಡೆಯ ತುದಿಯಿಂದ ನೆಲ ಕುಟ್ಟುತ್ತ, ನನಗೆ ಮಾತ್ರ ಕೇಳುವಂತೆ, "ಹೂಂ, ಹೆತ್ತವಳು ಒಳಗೆ, ಹೆಸರು ಹೊರಗಿನವರಿಗೆ" ಎಂದರು.

ನನಗೆ ಅಲ್ಲಿಯೇ ಎದ್ದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ನಾನು ಹೊಸ ಸೊಸೆ, ಎದುರಿಗೆ ಬಿಳಿ ಬಟ್ಟೆ ತೊಟ್ಟು ಅರಳಿದ ಮುಖದಲ್ಲಿ ಕೂತಿದ್ದ ಮಾವ, ಸುಮ್ಮನಿರು ಎಂದು ಕಣ್ಣಿನಲ್ಲಿಯೇ ಬೇಡುತ್ತಿದ್ದ ನಿಮ್ಮ ಮಗ. ನುಂಗಿಕೊಂಡೆ.

ಮುಂದಿನ ಬುಧವಾರ ಮಳೆ ಬಂತು. ದೊಡ್ಡ ಮಳೆಯೇನಲ್ಲ. ನೀವಿದ್ದಾಗ ಅದರ ಎರಡರಷ್ಟು ಬಿದ್ದರೂ ಇಳಿಜಾರು ಕುಡಿದು ಸುಮ್ಮನಾಗುತ್ತಿತ್ತು. ಈ ಸಲ ಕುಡಿಯಲಿಲ್ಲ. ಇಳಿಜಾರು ಬೋಳಾದ ಮೇಲೆ ಹೆಂಗಸರೂ ಒಳಗೇ ಕೂರುತ್ತಿದ್ದೆವು, ಅವತ್ತೂ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದೆವು. ಹಿಂದಿನಿಂದ ಒಂದು ಸದ್ದು ಬಂತು, ಯಾರೋ ದೊಡ್ಡ ಗೋಣಿಯನ್ನು ಎಳೆಯುವ ಹಾಗೆ. "ಕೂರೋಣ" ಎಂದು ಪ್ರಾರ್ಥನೆ ತೆರೆದವರೇ "ಏಳೋಣ" ಎನ್ನುವವರೆಗೆ ಯಾರೂ ಏಳುವಂತಿಲ್ಲವಲ್ಲ, ಆಕಾಶ ಬಿದ್ದರೂ ಏಳುವಂತಿಲ್ಲ. ಅವತ್ತು ತೆರೆದವರು ಮಾವ. ಸದ್ದು ಅವರಿಗೂ ಕೇಳಿಸಿತು, ಕಣ್ಣುಗುಡ್ಡೆ ರೆಪ್ಪೆಯ ಕೆಳಗೆ ಓಡಾಡಿದ್ದನ್ನು ನಾನು ಕದ್ದು ನೋಡಿದೆ. ಆದರೂ ಪೂರ್ತಿ ಹೊತ್ತು ಕೂರಿಸಿಯೇ "ಏಳೋಣ" ಎಂದರು. ಹೊರಗೆ ಬಂದರೆ ಬಾಗಿಲ ಮುಂದೆ ಒಂದು ಚಪ್ಪಲಿಯೂ ಇಲ್ಲ. ಕೆಂಪು ನೀರು ಎಲ್ಲರ ಚಪ್ಪಲಿಗಳನ್ನೂ ಎತ್ತಿಕೊಂಡು ರಸ್ತೆಯ ಚರಂಡಿಗೆ ಹೊರಟಿತ್ತು. ಶುಚಿ ಸೇವಾ ತಂಡದವರು ಪ್ಯಾಂಟು ಮಡಿಚಿ ಚರಂಡಿಯಲ್ಲಿ ಚಪ್ಪಲಿ ಹೆಕ್ಕುವುದನ್ನು ನೀವು ನೋಡಬೇಕಿತ್ತು. ನಾನು ನಗಲು ಬಾಯಿ ತೆರೆದೆ. ಆಮೇಲೆ ಆ ನೀರಿನ ಬಣ್ಣ ನೋಡಿದೆ. ಹೋಗುತ್ತಿದ್ದದ್ದು ಚಪ್ಪಲಿ ಮಾತ್ರವಲ್ಲ. ನೀವೆಲ್ಲ ಕೂತು ಕೂತು ಮಾಡಿದ ಮಣ್ಣು. ನಗು ಅಲ್ಲಿಯೇ ನಿಂತಿತು.

ಈಗ ಏನಾಗಿದೆ ಕೇಳಿ. ಹೀಗೆ ಬಿಟ್ಟರೆ ಪ್ರತಿ ಮಳೆಗೂ ಇದೇ ಗೋಳು ಎಂದು, ಇಡೀ ಇಳಿಜಾರಿಗೆ ಕಾಂಕ್ರೀಟ್ ಹಾಕಿಸಲು ಪ್ರಾರ್ಥನಾ ಮನೆಯ ಸಮಿತಿ ತೀರ್ಮಾನ ಮಾಡಿದೆ. ಮರಗಳ ಬುಡದಲ್ಲಿ ಉಂಗುರದಷ್ಟು ಜಾಗ ಬಿಡುತ್ತಾರಂತೆ, ಎಂಥ ದಯೆ. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ. ನಿನ್ನೆ ಊಟದ ಹೊತ್ತಿಗೆ ಮಾವ ಇದನ್ನು ಹೇಳಿದಾಗ ನನಗೆ ತಡೆಯಲಾಗಲಿಲ್ಲ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಯ್ತು ಮಾವ, ಎಲೆ ತೆಗೆದಿದ್ದಕ್ಕೆ ಮಣ್ಣು ಹೋಯ್ತು, ಎಲೆ ವಾಪಸ್ ಹಾಕಿದ್ರೆ ಆಯ್ತಲ್ಲ" ಎಂದೆ. ಚೀಲಗಳೆಲ್ಲ ಮೇಲಿನ ಗುಂಡಿಯಲ್ಲಿಯೇ ಬಿದ್ದಿವೆ. ಸುಡಬೇಕೆಂದಿದ್ದರು, ಮಳೆಗೆ ನೆಂದು ಹೊತ್ತಿಕೊಳ್ಳಲಿಲ್ಲ. ಮಾವ ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. "ಅವಳು ಬರೋ ಮೊದಲು ಮುಗಿಸ್ಬೇಕಮ್ಮಾ" ಎಂದರು, ಅಷ್ಟೇ.

ಆಗ ನನಗೆ ಅರ್ಥವಾಯಿತು. ಮಾವ ನಿಮಗೆ ಹೆದರಿದ್ದಾರೆ. ಗುಡಿಸುವಾಗ, "ಅವಳು ಬಂದು ನೋಡಿ ಬೆರಗಾಗಬೇಕು" ಎಂದು ಎಲ್ಲರಿಗೂ ಹೇಳುತ್ತಿದ್ದರಂತೆ. ನಿಮ್ಮ ಮಗ ಹೇಳಿದರು. ನಿಮ್ಮ ಕೆಲಸವನ್ನು ಚೆಂದ ಮಾಡಿ ತೋರಿಸಬೇಕೆಂದು ಹೊರಟು ಅದನ್ನೇ ಕಿತ್ತು ಹಾಕಿದ್ದಾರೆ, ಈಗ ನೀವು ಬರುವುದರೊಳಗೆ ಅದರ ಮೇಲೆ ಸಿಮೆಂಟು ಸುರಿದು ಮುಚ್ಚಬೇಕೆಂದಿದ್ದಾರೆ. ಕನಿಕರ ಬರಬೇಕಿತ್ತು. ಬರಲಿಲ್ಲ ಅತ್ತೆ, ಇನ್ನೂ ಹೆಚ್ಚು ಉರಿಯಿತು. ತಪ್ಪಾಯಿತು ಎಂದು ಹೇಳಲು ಒಂದು ನಿಮಿಷ ಸಾಕು, ಅದಕ್ಕೆ ಬಾಯಿ ಬರದೆ ಲಾರಿ ತರಿಸುತ್ತಾರಲ್ಲ. ಭಕ್ತಿಯೆಂದರೆ ಇವರಿಗೆ ಕಣ್ಣಿಗೆ ಚೊಕ್ಕವಾಗಿ ಕಾಣುವುದು ಮಾತ್ರವೇ? ಎಲೆಯ ಅಡಿಯಲ್ಲಿ, ಕತ್ತಲಲ್ಲಿ, ಗಬ್ಬು ವಾಸನೆಯಲ್ಲಿ ಮಿಸುಕುತ್ತಿದ್ದದ್ದು ದೇವರ ಲೆಕ್ಕಕ್ಕೆ ಬರುವುದಿಲ್ಲವೇ? ಕಾವಲುಗಾರರಂತೆ. ಕಾವಲುಗಾರ ಮನೆಯನ್ನು ಗುಡಿಸಿ ಬಾಚಿ ಬೀದಿಗೆ ಎಸೆಯುತ್ತಾನೆಯೇ?

ಲಾರಿ ನಿಲ್ಲಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ಬೆಳಗಿನಿಂದ ಅದೇ ಯೋಚನೆ. ಹೆಂಗಸರ ಮನೆಗಳಿಗೆಲ್ಲ ಹೋಗಿ ಬಂದೆ, ಎಲ್ಲರಿಗೂ ಸಂಕಟವಿದೆ, ಆದರೆ ಸಮಿತಿಯ ಎದುರು ನಿಲ್ಲಲು ನೀವಿಲ್ಲ ಎನ್ನುತ್ತಾರೆ. ಕೊಡೆ ಅಜ್ಜಿಯ ಮನೆಗೆ ಇನ್ನೂ ಹೋಗಿಲ್ಲ, ಸಂಜೆ ಹೋಗುತ್ತೇನೆ. ನಿಮ್ಮ ಮಗ ಬಾಗಿಲ ಹತ್ತಿರ ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದಾರೆ. "ನನ್ನ ಬಗ್ಗೆನೂ ಬರೆದ್ಯಾ" ಎಂದು ಕೇಳಿದರು. "ಪೊರಕೆ ಸಮೇತ" ಎಂದೆ.

ಕಂದನ ಅಂಗಾಲಿಗೆ ನನ್ನ ಮುತ್ತು. ನಾದಿನಿಗೆ ನೆನಪು ತಿಳಿಸಿ, ಈ ಕಾಗದದ ಸುದ್ದಿಯನ್ನು ಮಾತ್ರ ಅವಳಿಗೆ ಹೇಳಬೇಡಿ, ಅವಳು ಮಲಗಲಿ. ನಿಮಗೆ ನಮಸ್ಕಾರ ಮಾಡಲು ಕಾಲು ಹತ್ತಿರವಿಲ್ಲ, ಇಲ್ಲಿಂದಲೇ ಆ ಮಂಡಿಗೆ ಎಣ್ಣೆ ತಿಕ್ಕಿದ್ದೇನೆ ಎಂದುಕೊಳ್ಳಿ.

ನಿಮ್ಮ ಸೊಸೆ,
ವಟವಟ

ತಾ.ಕ. ಸೋಮವಾರ. ಈ ಕಾಗದವನ್ನು ಪೋಸ್ಟ್ ಮಾಡಿಲ್ಲ. ಇಳಿಜಾರಿನ ಮೇಲೆ ಕೂತು, ಮಂಡಿಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಕೆಟ್ಟಿದ್ದರೆ ಅದಕ್ಕೆ. ನಿನ್ನೆ ಸಂಜೆ ಕೊಡೆ ಅಜ್ಜಿ ನನ್ನ ಮಾತೆಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು. "ನೀನು ಬಂದು ವರ್ಷ ಆಯ್ತೇನೇ?" ಆಗಿಲ್ಲ ಎಂದೆ. ನಿಮಗೆ ನೆನಪಾಯಿತೇ? ಹೊಸದಾಗಿ ಸೇರಿದವರು ಮೊದಲ ವರ್ಷ ಎಲ್ಲಿ, ಯಾವಾಗ ಪ್ರಾರ್ಥನೆ ಬೇಕೆಂದರೂ ಯಾರೂ ಬೇಡ ಎನ್ನುವಂತಿಲ್ಲ ಎಂಬ ನಮ್ಮ ಕಟ್ಟಳೆ. ಅದನ್ನು ನಾನು ಒಂದೇ ಒಂದು ಸಲ ಬಳಸಿದ್ದೆ, ನೆಂಟರ ಮುಂದೆ ಹಾಡು ಹೇಳು ಎಂದು ಮಾವ ಒತ್ತಾಯ ಮಾಡಿದಾಗ. ನೀವು ಆಮೇಲೆ ಅಡುಗೆಮನೆಯಲ್ಲಿ ನಕ್ಕು ನಕ್ಕು, "ಇದನ್ನ ಜೋಪಾನವಾಗಿ ಖರ್ಚು ಮಾಡೇ" ಎಂದಿದ್ದಿರಿ.

ಇವತ್ತು ಖರ್ಚು ಮಾಡಿದೆ. ಬೆಳಿಗ್ಗೆ ಹೆಂಗಸರೆಲ್ಲ ಹಿಂಬಾಗಿಲಿನಿಂದ ಬಂದು ಇಳಿಜಾರಿನ ಮೇಲೆ ನಿಂತೆವು. ಲಾರಿ ಬಂತು. ಸಮಿತಿಯವರೂ ಬಂದರು. ಮಾವ ಗೇಟಿನ ಬೀಗಕ್ಕೆ ಕೀಲಿ ತೂರಿಸಿದ್ದರು. ನಾನು "ಕೂರೋಣ" ಎಂದೆ. ನನ್ನ ಧ್ವನಿ ಸಣ್ಣಗೆ ಬಂತು, ಆದರೂ ಕೇಳಿಸಿತು. ಕೇಳಿಸಿಕೊಂಡವರು ಇದ್ದಲ್ಲಿಯೇ ಕೂರಬೇಕು. ಹೆಂಗಸರು ಕೂತರು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿ ಕೂತರು. ಕೊನೆಗೆ ಮಾವ, ಬಿಳಿ ಪ್ಯಾಂಟಿನಲ್ಲಿ, ಕೀಲಿಯನ್ನು ಬೀಗದಲ್ಲಿಯೇ ಬಿಟ್ಟು, ಗೇಟಿನ ಒಳಗಿನ ಕೆಸರಿನಲ್ಲಿ ಕೂತರು. ಲಾರಿಯವನು ಹಾರ್ನ್ ಹೊಡೆದ, ಕೂಗಿದ, ಮಾಲು ಗಟ್ಟಿಯಾಗುತ್ತೆ ಸ್ವಾಮಿ ಎಂದು ಬೇಡಿಕೊಂಡ. ಉತ್ತರ ಕೊಡಲು ಯಾರಿಗೂ ಬಾಯಿಲ್ಲ. ಬೈದುಕೊಂಡು ಬೇರೆ ಕಡೆಗೆ ಹೊರಟುಹೋದ.

ಬೆಳಿಗ್ಗೆ ನಮ್ಮ ಹಿಂದೆಯೇ ಬಂದಿದ್ದ ನಿಮ್ಮ ಮಗ ಮೇಲಿನ ಗುಂಡಿಯ ಅಂಚಿನಲ್ಲಿ ಕೂತು ಚೀಲಗಳಿಂದ ಬುಟ್ಟಿ ತುಂಬುತ್ತಿದ್ದಾರೆ. ಯಾರೂ ಏಳದೆ, ಕೈಯಿಂದ ಕೈಗೆ ಬುಟ್ಟಿ ಇಳಿಯುತ್ತಿದೆ, ನೆಲ ಮತ್ತೆ ಕಂದು ಬಣ್ಣಕ್ಕೆ ತಿರುಗುತ್ತಿದೆ. ನೆಂದ ಎಲೆ ಕೊಳೆಯಲು ಶುರುವಾಗಿದೆ, ನಿಮಗೆ ಇಷ್ಟವಾದ ಆ ವಾಸನೆ ಬರುತ್ತಿದೆ. ಇಬ್ಬರು ಸಮಿತಿಯವರು ಸುಮ್ಮನೆ ಕೂರಲಾಗದೆ ಎಲೆ ಹರಡಲು ಶುರು ಮಾಡಿದ್ದಾರೆ. ಕೊಡೆ ಅಜ್ಜಿ ಒಂದು ತುಂಬಿದ ಬುಟ್ಟಿಯನ್ನು ಕೊಡೆಯ ಹಿಡಿಯಿಂದ ಮೆಲ್ಲಗೆ ತಳ್ಳಿ ಮಾವನ ಮುಂದೆ ಇಟ್ಟಿದ್ದಾರೆ. ಮಾವ ಅದನ್ನು ನೋಡುತ್ತಿದ್ದಾರೆ. ಕೈ ಕಟ್ಟಿಕೊಂಡೇ ಇದ್ದಾರೆ.

ತೆರೆದವರೇ ಮುಗಿಸಬೇಕು. ಆ ಬುಟ್ಟಿ ಖಾಲಿಯಾಗುವವರೆಗೆ ನಾನು "ಏಳೋಣ" ಎನ್ನುವುದಿಲ್ಲ. ಅವರ ಹಠ ಎಷ್ಟು ಹೊತ್ತಿನದು ಎಂದು ನೀವು ನನಗೆ ಒಮ್ಮೆಯೂ ಹೇಳಿಲ್ಲ ಅತ್ತೆ. ಊಟದ ಹೊತ್ತು ದಾಟಿತು. ಬುಟ್ಟಿ ಇನ್ನೂ ತುಂಬಿದೆ. ನಿಮ್ಮ ವಟವಟ ಬೆಳಗಿನಿಂದ ಬಾಯಿ ಬಿಟ್ಟಿಲ್ಲ.